ಗಾಳಿಗೆ ಹೆದರಿ ಬೀಗ ಹಾಕಿದವರು

ಆಷಾಢ ಬಂತೆಂದರೆ ನಮ್ಮೂರ ಟೆನಿಸ್ ಕೋರ್ಟಿಗೆ ಬೀಗ ಬೀಳುತ್ತದೆ. ಮಳೆಗೆ ಹೆದರಿ ಅಲ್ಲ, ಗಾಳಿಗೆ. ನಮ್ಮದು ಬಯಲುಸೀಮೆಯ ಊರು. ಮಳೆ ಅಷ್ಟಕ್ಕಷ್ಟೆ, ಗಾಳಿಗೆ ಮಾತ್ರ ಬರವಿಲ್ಲ. ‘ಇಂಥ ಗಾಳಿಯಲ್ಲಿ ಆಡಿದರೆ ಮಕ್ಕಳ ಹೊಡೆತ ಕೆಡುತ್ತದೆ’ ಎಂಬುದು ಕ್ಲಬ್ಬಿನ ಹಿರಿಯರ ಸಿದ್ಧಾಂತ. ಇದು ಸಿದ್ಧಾಂತವಲ್ಲ, ಸೋಮಾರಿತನ ಎಂಬುದು ನನ್ನ ತಕರಾರು.

ಗಾಳಿ ಬಂದರೆ ಆಟ ಅದೃಷ್ಟದ ಪಾಲಾಗುತ್ತದೆ ಎನ್ನುತ್ತಾರೆ. ಹೇಗಾದೀತು ಸ್ವಾಮಿ? ಪ್ರತಿ ಸೆಟ್ಟಿನಲ್ಲೂ ಒಂದನೆಯ, ಮೂರನೆಯ, ಐದನೆಯ ಗೇಮು ಮುಗಿದಂತೆ ಆಟಗಾರರು ಬದಿ ಬದಲಾಯಿಸಬೇಕೆಂಬ ನಿಯಮವೇ ಇದೆ. ಬಿಸಿಲೂ ಗಾಳಿಯೂ ಇಬ್ಬರಿಗೂ ಹಂಚಿಕೆಯಾಗುತ್ತವೆ. ಸರ್ವ್ ಮಾಡಲು ಎಸೆದ ಚೆಂಡು ಗಾಳಿಗೆ ಸರಿದರೆ, ರ‍್ಯಾಕೆಟ್ ಬೀಸದೆ ಬಿಟ್ಟು ಮತ್ತೆ ಎಸೆಯಬಹುದು. ಅದು ಫಾಲ್ಟ್ ಅಲ್ಲ. ಇಷ್ಟು ಅನುಕೂಲವಿದ್ದೂ ಗಾಳಿಯನ್ನು ದೂರುವುದು, ಕುಣಿಯಲಾರದವಳು ನೆಲ ಡೊಂಕೆಂದಂತೆ.

ಅರವತ್ತು ಗ್ರಾಂ ಕೂಡ ತೂಗದ ಚೆಂಡನ್ನು ಗಾಳಿ ಎಳೆದಾಡುವುದು ನಿಜ. ಅದಕ್ಕೇ ಕಲಿಯಬೇಕಾದ್ದು ಇದೆ. ಎದುರುಗಾಳಿಯಲ್ಲಿ ಚೆಂಡು ಸೊರಗುತ್ತದೆ. ಧೈರ್ಯವಾಗಿ ಉದ್ದಕ್ಕೆ ಹೊಡೆಯಬೇಕು. ಗಾಳಿ ಬೆನ್ನಿಗಿದ್ದರೆ ಚೆಂಡು ಗೆರೆ ದಾಟಿ ಹೋಗುತ್ತದೆ. ಟಾಪ್‌ಸ್ಪಿನ್ ಕೊಟ್ಟು ತಗ್ಗಿಸಬೇಕು. ಅಡ್ಡಗಾಳಿಯಲ್ಲಿ ಗೆರೆಯಂಚಿಗೆ ಗುರಿಯಿಡುವುದು ಹುಚ್ಚುತನ. ಸರ್ವ್‌ಗೆ ಚೆಂಡನ್ನು ತೀರ ಎತ್ತರಕ್ಕೆ ಎಸೆಯಬಾರದು. ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಕೊನೆಯ ಗಳಿಗೆಯವರೆಗೂ ಕಾಲು ಸರಿಪಡಿಸಿಕೊಳ್ಳುತ್ತಿರಬೇಕು. ಬೀಗ ಹಾಕಿದ ಕೋರ್ಟಿನಲ್ಲಿ ಇದನ್ನು ಕಲಿಸುವವರು ಯಾರು?

2012ರ ಅಮೆರಿಕನ್ ಓಪನ್ ಫೈನಲ್ ನೆನಪಿಸಿಕೊಳ್ಳಿ. ಆಗ ನ್ಯೂಯಾರ್ಕಿನ ಆ ದೊಡ್ಡ ಕ್ರೀಡಾಂಗಣಕ್ಕೆ ಚಾವಣಿ ಇರಲಿಲ್ಲ. ಅದು ಬಂದದ್ದು 2016ರಲ್ಲಿ. ಸುಳಿಗಾಳಿಯಲ್ಲಿ 4 ಗಂಟೆ 54 ನಿಮಿಷ ಸೆಣಸಿ ಆ್ಯಂಡಿ ಮರ್ರೆ ಜೊಕೊವಿಚ್‌ರನ್ನು ಸೋಲಿಸಿದರು. 1936ರ ಫ್ರೆಡ್ ಪೆರ್ರಿಯವರ ನಂತರ ಬ್ರಿಟನ್ನಿನ ಗಂಡಸೊಬ್ಬ ಗ್ರ್ಯಾಂಡ್‌ಸ್ಲಾಂ ಸಿಂಗಲ್ಸ್ ಗೆದ್ದದ್ದು ಅಂದೇ. ಗಾಳಿ ಇಬ್ಬರಿಗೂ ಒಂದೇ ಆಗಿತ್ತು.

ನನ್ನ ಸಿಟ್ಟಿಗೆ ಬೇರೊಂದು ಕಾರಣವಿದೆ. ನಮ್ಮ ಕೋರ್ಟಿನಲ್ಲಿ ದರ್ಜಿಯೊಬ್ಬರ ಮಗಳು ಆಡುತ್ತಿದ್ದಳು. ಅಪ್ಪ ಸಾಲ ಮಾಡಿ ರ‍್ಯಾಕೆಟ್ ಕೊಡಿಸಿದ್ದರು. ಗಾಳಿಯಿಲ್ಲದ ಮುಂಜಾವಿನಲ್ಲಷ್ಟೇ ಅಭ್ಯಾಸ ಮಾಡಿದ್ದ ಅವಳು ಪರಊರಿನ ಪಂದ್ಯಕ್ಕೆ ಹೋದಳು. ಮಧ್ಯಾಹ್ನದ ಗಾಳಿಯಲ್ಲಿ ಅವಳೆಸೆದ ಚೆಂಡು ಒಂದು ಕಡೆ, ರ‍್ಯಾಕೆಟ್ ಒಂದು ಕಡೆ. ಡಬಲ್ ಫಾಲ್ಟ್ ಮೇಲೆ ಡಬಲ್ ಫಾಲ್ಟ್. ‘ಏನು ಮಾಡೋಕಾಗುತ್ತಮ್ಮ, ಗಾಳಿ’ ಎಂದು ನಾವೆಲ್ಲ ಸಮಾಧಾನ ಹೇಳಿದೆವು. ಅವಳು ತಲೆಯೆತ್ತಿ, ‘ಆ ಕಡೆಯವಳಿಗೂ ಗಾಳಿ ಇತ್ತಲ್ಲ ಅಂಕಲ್’ ಎಂದಳು. ಆಮೇಲೆ ಅವಳು ಕೋರ್ಟಿನ ಕಡೆ ಬರಲೇ ಇಲ್ಲ.

ಅವಳನ್ನು ಸೋಲಿಸಿದವರು ನಾವು. ಬೀಗ ಹಾಕುವ ತೀರ್ಮಾನಕ್ಕೆ ಒಂದು ವರ್ಷ ನಾನೂ ಕೈ ಎತ್ತಿದ್ದೆ, ಮುಚ್ಚಿಡುವುದಿಲ್ಲ.

ಮರ ಉರುಳಿಸುವ ಬಿರುಗಾಳಿಯಲ್ಲಿ ಆಡಿಸಿ ಎನ್ನುವಷ್ಟು ಅವಿವೇಕಿ ನಾನಲ್ಲ. ಆದರೆ ಗಾಳಿ ಬಂದಾಗ ತೂರಿಕೋ ಎಂದ ರೈತರ ನಾಡಿನಲ್ಲಿ, ಗಾಳಿ ಬಂದಾಗ ಬಾಗಿಲು ಹಾಕಿಕೋ ಎಂದು ಮಕ್ಕಳಿಗೆ ಕಲಿಸುವುದು ಬೇಡ. ಮುಂದಿನ ಆಷಾಢಕ್ಕೆ ಬೀಗದ ಕೈ ನನಗೆ ಕೊಡಿ. ಕಣ್ಣಿಗೆ ಧೂಳು ಬಿದ್ದರೆ ತೊಳೆದುಕೊಳ್ಳಲು ಒಂದು ಕೊಡ ನೀರನ್ನೂ ನಾನೇ ತಂದಿಡುತ್ತೇನೆ.