ಮೊಬೈಲ್‌ನಾಗ ಗಾಳಿ ಹಸಿರು, ಹೊಲದಾಗ ಎಲೆ ಕೆಂಪು

ಮೊನ್ನೆ ಊರ ಸಭೆಯಲ್ಲಿ ಗಣಿ ಕಡೆಯ ಎಂಜಿನಿಯರೊಬ್ಬರು ತಮ್ಮ ಮೊಬೈಲ್ ಎತ್ತಿ ತೋರಿಸಿದರು. "ನೋಡ್ರಿ, ಸಂಡೂರಿನ ಗಾಳಿ ಹಸಿರು ಬಣ್ಣದಾಗ ಐತೆ. ಧೂಳು ಧೂಳು ಅಂತ ಯಾಕೆ ಕೂಗ್ತೀರಿ?" ನಮ್ಮೋರೆಲ್ಲ ಮುಖ ಮುಖ ನೋಡ್ಕೊಂಡು ಸುಮ್ಮನಾದರು. ನಾನೂ ಸುಮ್ಮನಾದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಆ ಅಂಕಿ ಎಲ್ಲಿಂದ ಬಂತು ಅಂತ ಅವತ್ತೇ ಕೇಳಬೇಕಿತ್ತು. ಹತ್ತಿರದಲ್ಲಿ ಅಳೆಯೋ ಯಂತ್ರ ಇಲ್ಲದ ಕಡೆ ಈ ಆ್ಯಪ್‌ಗಳು ದೂರದೂರಿನ ಲೆಕ್ಕ, ಉಪಗ್ರಹದ ಅಂದಾಜು ಕೂಡಿಸಿ ಒಂದು ನಂಬರು ಕೊಡ್ತವೆ. ನಮ್ಮದೋ ಬಟ್ಟಲಿನಂಥ ಕಣಿವೆ. ಓಬಳಗಂಡಿ, ಭೀಮಗಂಡಿಯಂಥ ಕಿಂಡಿ ಬಿಟ್ರೆ ಗಾಳಿಗೆ ದಾರಿ ಕಮ್ಮಿ. ಚಳಿಗಾಲದ ರಾತ್ರಿ ತಣ್ಣನೆ ಗಾಳಿ ಗುಡ್ಡದಿಂದ ಇಳಿದು ತಳದಾಗ ಕೂಡುತ್ತೆ, ಮೇಲಿನ ಬೆಚ್ಚನೆ ಗಾಳಿ ಮುಚ್ಚಳ ಹಾಕಿದಂಗೆ ಕೂಡುತ್ತೆ. ಟಿಪ್ಪರ್ ಎಬ್ಬಿಸಿದ ಧೂಳು ಬಿಸಿಲೇರೋ ತನಕ ಅಲ್ಲೇ. ನಾವು ಹೊಲಕ್ಕೆ ಹೋಗೋದೂ ಅದೇ ಹೊತ್ತಿಗೆ.

ಇನ್ನು ಸರಾಸರಿ ಅನ್ನೋ ಮಾಯೆ. ಪಿಎಂ 10 ಅನ್ನೋ ಧೂಳಿಗೆ ಕಾನೂನಿನ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಅದೂ 24 ತಾಸಿನ ಸರಾಸರಿ. ಒಂದು ಲೆಕ್ಕ ಹಾಕ್ರಿ: ಬೆಳಿಗ್ಗೆ 3 ತಾಸು 400, ಉಳಿದ 21 ತಾಸು 50. ಸರಾಸರಿ 94ರ ಹತ್ತಿರ. ಪಾಸ್! ಸರ್ಕಾರದ ಪಟ್ಟಿಯಲ್ಲಿ ಅದು 'ತೃಪ್ತಿಕರ', ತಿಳಿ ಹಸಿರು. ಕೈಯಿಂದ ನಡೆಸೋ ಯಂತ್ರಗಳಿಗೆ ವಾರಕ್ಕೆ 2 ದಿನ, ವರ್ಷಕ್ಕೆ 104 ಸಲ ಅಳೆದರೆ ಸಾಕು. ಅಳೆಯೋ ದಿನ ನಸುಕಿಗೇ ರಸ್ತೆಗೆ ನೀರಿನ ಟ್ಯಾಂಕರ್ ಬಂದು ಹೋಗಿರುತ್ತೆ, ನೀವೂ ನೋಡೀರಿ.

"ಕಣ್ಣಿಗೆ ಕಾಣೋದಕ್ಕೆ ಯಂತ್ರ ಯಾಕೆ?" ಅನ್ನೋರು ನಮ್ಮಲ್ಲೇ ಅದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಎಲೆ ತೊಳೆದಂಗೆ ಇದ್ದದ್ದು ನಮಗೆ ಗೊತ್ತು. ಆದ್ರೆ ನಮ್ಮ ಕಣ್ಣು ಯಾವ ಕಚೇರಿಯಲ್ಲೂ ದಾಖಲೆ ಅಲ್ಲ. ವ್ಯಾಪಾರಿ ಮೆಣಸಿನಕಾಯಿ ಅಂಗೈಯಲ್ಲಿ ಉಜ್ಜಿ "ಧೂಳಿನ ಮಾಲು" ಅಂತ ರೇಟು ಇಳಿಸ್ತಾನೆ. ಪರಿಹಾರ ಕೇಳಿದ್ರೆ ಸಾಹೇಬರು "ದಾಖಲೆ ಕೊಡ್ರಿ" ಅಂತಾರೆ. ಕೊಡೋಕೆ ಏನೈತೆ?

ಹುಡುಗರು ಆನ್‌ಲೈನ್‌ನಾಗ ಸಣ್ಣ ಸೆನ್ಸರ್ ತರಿಸೋಣ ಅಂತಾರೆ. ತರಿಸ್ರಿ, ಬೇಡ ಅನ್ನಲ್ಲ. ಆದ್ರೆ ಅದು ಹೊಗೆ ಹಿಡಿದಷ್ಟು ಚೆನ್ನಾಗಿ ಅದಿರಿನ ದಪ್ಪ ಧೂಳು ಹಿಡಿಯಲ್ಲ, ಕಮ್ಮಿ ತೋರಿಸುತ್ತೆ. ಆ ಅಂಕಿನೇ ನಮಗೆ ತಿರುಗಿ ಬೀಳಬಹುದು. ಗಾಳಿ ಎಳೆದು ಫಿಲ್ಟರ್ ತೂಕ ಮಾಡೋ ಯಂತ್ರನೇ ಬೇಕು. ಅದು ಕಚೇರಿ ಮಾಳಿಗೆ ಮೇಲಲ್ಲ, ಅದಿರು ರಸ್ತೆ ಪಕ್ಕದ ಹೊಲದಾಗ ಇರಬೇಕು. ನಾವು ಮೆಕ್ಕೆಜೋಳದ ದಂಟು ಸುಡೋದೂ ಅದರಾಗ ಬೀಳುತ್ತೆ, ನಮ್ಮೂರೋರ ಟಿಪ್ಪರ್ ಧೂಳೂ ಬೀಳುತ್ತೆ. ಬೀಳಲಿ.

ಹೊಸ ಗಣಿಗೋ ವಿಸ್ತರಣೆಗೋ ಸಾರ್ವಜನಿಕ ವಿಚಾರಣೆ ಅಂತ ಪೇಪರಿನಾಗ ಬಂದ್ರೆ 30 ದಿನ ಟೈಮ್ ಇರುತ್ತೆ. 2006ರ ಅಧಿಸೂಚನೆ ಪ್ರಕಾರ ವರದಿಯ ಸಾರಾಂಶ ಕನ್ನಡದಾಗೂ ಕೊಡಬೇಕು. ಪಂಚಾಯ್ತಿಗೆ ಹೋಗಿ ಅದನ್ನ ಓದ್ರಿ. ಗಾಳಿ ಎಲ್ಲಿ ಅಳೆದ್ರಿ, ಯಾವ ತಿಂಗಳು, ಆ ದಿನ ಎಷ್ಟು ಲಾರಿ ಓಡ್ತಿದ್ವು? ಈ 3 ಪ್ರಶ್ನೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ರಿ. ಬಾಯಲ್ಲಿ ಕೂಗಿ ಊಟ ಮಾಡಿ ಬರಬ್ಯಾಡ್ರಿ.

ಯಂತ್ರಕ್ಕೆ ನನ್ನ ಶೆಡ್ ಮೇಲೆ ಜಾಗ ಕೊಡ್ತೀನಿ. ಅರ್ಜಿ ಬರೆದಿಟ್ಟೀನಿ, ಸಹಿ ಹಾಕೋರು ಭಾನುವಾರ ಸಂಜೆ ಬರ್ರಿ.