ಮೀನುಗಾರ ತಾಯಂದಿರು ಅಜ್ಞಾನಿಗಳೇ?

ಕಡಲ ತೀರದ ಊರುಗಳಲ್ಲಿ ಮಗುವೊಂದನ್ನು ಕಾಯಿಲೆ ಉಲ್ಬಣಿಸಿದ ಬಳಿಕ ಆಸ್ಪತ್ರೆಗೆ ತಂದಾಗ ಮೊದಲ ಆರೋಪಿ ತಾಯಿ. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ವೈದ್ಯರು ಗದರುತ್ತಾರೆ. ಅಜ್ಞಾನ, ಮೂಢನಂಬಿಕೆ ಎಂದು ಸುಶಿಕ್ಷಿತರು ತೀರ್ಪು ನೀಡುತ್ತಾರೆ. ಆದರೆ ಆ ತಾಯಿಯ ದಿನಚರಿಯನ್ನು ವಿಚಾರಿಸುವ ವ್ಯವಧಾನ ಎಷ್ಟು ಮಂದಿಗಿದೆ?

ಮಂಗಳೂರು, ಮಲ್ಪೆ, ಗಂಗೊಳ್ಳಿ ಬಂದರುಗಳನ್ನೇ ನೋಡಿ. ಆಳಸಮುದ್ರಕ್ಕೆ ಹೋದ ಟ್ರಾಲ್ ಬೋಟುಗಳು ಮರಳಲು ಹತ್ತು ದಿನಗಳಾದರೂ ಬೇಕು. ಗಂಡ ಕಡಲಲ್ಲಿರುವಾಗ ಬೆಳಕು ಹರಿಯುವ ಮುನ್ನವೇ ದಕ್ಕೆಗೆ ಹೋಗಿ, ಹರಾಜಿನಲ್ಲಿ ಮೀನು ಕೊಂಡು, ಬುಟ್ಟಿಯೊಂದಿಗೆ ಮಾರುಕಟ್ಟೆ ಸೇರುವವಳು ಹೆಂಡತಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲು ತೆರೆಯುವುದು ಸರಿಯಾಗಿ ಅವಳ ವ್ಯಾಪಾರದ ಹೊತ್ತಿಗೆ. ಮೀನು ನಾಳೆಗೆ ಉಳಿಯುವ ಸರಕಲ್ಲ. ಬುಟ್ಟಿ ಬಿಟ್ಟು ಸರದಿಯಲ್ಲಿ ಕುಳಿತರೆ ಅಂದಿನ ಸಂಪಾದನೆ ಮಾತ್ರವಲ್ಲ, ಹಾಕಿದ ಬಂಡವಾಳವೂ ಕೊಳೆಯುತ್ತದೆ. ಅವಳು ಮರಳುವಾಗ ತೆರೆದಿರುವುದು ಔಷಧದಂಗಡಿ ಮಾತ್ರ. ಅಜ್ಜಿ ದೃಷ್ಟಿ ತೆಗೆಯುವುದೂ ಉಂಟು, ನಿಜ. ಅದಕ್ಕೆ ಬೇಕಾಗುವುದು ಐದು ನಿಮಿಷ. ಅಂಗಡಿಯ ಸಿರಪ್ಪನ್ನು ನಂಬಿ ಕಳೆಯುವುದು ಮೂರು ದಿನ.

ಮಳೆಗಾಲದಲ್ಲಾದರೂ ಪರಿಸ್ಥಿತಿ ಸುಧಾರಿಸುತ್ತದೆಯೇ? ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಗಂಡ ಮನೆಯಲ್ಲಿದ್ದಾನೆ, ಸಮಯವೂ ಇದೆ, ಕೈಯಲ್ಲಿ ಕಾಸಿಲ್ಲ. ಬಾವಿಗೆ ಕೊಳಚೆ ಸೇರಿ ಮಕ್ಕಳಿಗೆ ಭೇದಿ ಹಿಡಿಯುವುದೂ ಇದೇ ದಿನಗಳಲ್ಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆಯ ಭರವಸೆ ನೀಡುತ್ತದೆ. ಆದರೆ ಅದು ಆಸ್ಪತ್ರೆಗೆ ದಾಖಲಾದವರಿಗೆ. ಸಂಜೆಯ ಖಾಸಗಿ ಕ್ಲಿನಿಕ್ಕಿನ ಶುಲ್ಕಕ್ಕೂ ರಿಕ್ಷಾ ಬಾಡಿಗೆಗೂ ಅದು ಒದಗದು. ಅಂದರೆ, ಮಗು ದಾಖಲಾಗುವಷ್ಟು ಹದಗೆಡುವ ತನಕ ಕಾರ್ಡು ಪೆಟ್ಟಿಗೆಯಲ್ಲೇ ಇರಬೇಕು!

ಎಳೆಯ ಮಕ್ಕಳ ಕಾಯಿಲೆಗಳು ಕಾಯುವುದಿಲ್ಲ. ಭೇದಿಗೆ ಆರಂಭದಲ್ಲೇ ಓಆರ್‌ಎಸ್ ಮತ್ತು 14 ದಿನಗಳ ಸತುವಿನ ಮಾತ್ರೆ ಕೊಟ್ಟರೆ ಬಹುತೇಕ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಕೆಮ್ಮು, ಜ್ವರವಿರುವ ಮಗುವಿನ ಉಸಿರು ನಿಮಿಷಕ್ಕೆ ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ದಾಟಿದರೆ ನ್ಯುಮೋನಿಯಾ ಶಂಕಿಸಬೇಕು. ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಸೇದಿದರೆ, ಮಗು ಹಾಲು ಕುಡಿಯದಿದ್ದರೆ, ಮಂಪರಿಗೆ ಜಾರಿದರೆ ಮತ್ತೊಂದು ದಿನ ಕಾಯುವಂತಿಲ್ಲ. ಇದನ್ನು ಕಲಿಸಲು 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ನಮಗೆ ಆಶಾ ಕಾರ್ಯಕರ್ತೆಯರನ್ನು ಕೊಟ್ಟಿದೆ. ಆದರೆ ಆಶಾ ಹಗಲಿನಲ್ಲಿ ಬಾಗಿಲು ತಟ್ಟುವಾಗ ತಾಯಿ ಮಾರುಕಟ್ಟೆಯಲ್ಲಿರುತ್ತಾಳೆ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವಳು ಅಜ್ಜಿ. ಆ ಅಜ್ಜಿಗೇ ಉಸಿರು ಎಣಿಸಲು, ಓಆರ್‌ಎಸ್ ಕಲಸಲು ಕಲಿಸಬಾರದೇಕೆ?

ಬಂದರು ಪ್ರದೇಶದ ಆರೋಗ್ಯ ಕೇಂದ್ರಗಳಲ್ಲಿ ವಾರದಲ್ಲಿ ಕೆಲವು ದಿನಗಳಾದರೂ ರಾತ್ರಿ ಎಂಟರ ತನಕ ವೈದ್ಯರಿರಬೇಕು. ಇದು ಹೊಸ ಕಟ್ಟಡ ಬೇಡದ, ವೇಳಾಪಟ್ಟಿಯ ಬದಲಾವಣೆ. ಡೀಸೆಲ್ ಸಬ್ಸಿಡಿಗಾಗಿ, ಅಳಿವೆಯ ಹೂಳೆತ್ತುವುದಕ್ಕಾಗಿ ಸಚಿವರ ಬಳಿಗೆ ನಿಯೋಗ ಒಯ್ಯುವ ಮೀನುಗಾರ ಸಂಘಟನೆಗಳು ತಮ್ಮ ಮನವಿಪತ್ರದಲ್ಲಿ ಇದನ್ನೂ ಸೇರಿಸಲಿ. ಆ ನಿಯೋಗದಲ್ಲಿ ಮೀನು ಮಾರುವ ಹೆಂಗಸರಿಗೂ ಜಾಗವಿರಲಿ.