ನಕಲಿ ಫೋಟೊ ಖಾತೆಗಳ ವಂಚನೆ: ತುರ್ವಿಹಾಳ ನಾಗರಿಕರ ಮನವಿ ಪತ್ರ

ಗೆ,
ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ರಾಯಚೂರು

ವಿಷಯ: ಆನ್‌ಲೈನ್ ವಂಚನೆಯ ದೂರುಗಳನ್ನು ತುರ್ವಿಹಾಳ ಠಾಣೆಯಲ್ಲೇ ಸ್ವೀಕರಿಸುವ ವ್ಯವಸ್ಥೆ ಕುರಿತು

ಒಬ್ಬರ ಫೇಸ್‌ಬುಕ್ ಪುಟದಿಂದ ಫೋಟೊ ಇಳಿಸಿಕೊಂಡು ಅದೇ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆಯಲು ಹೆಚ್ಚು ಹೊತ್ತು ಬೇಡ. ಅಲ್ಲಿಂದ ಪರಿಚಯದವರಿಗೆಲ್ಲ ಫ್ರೆಂಡ್ ರಿಕ್ವೆಸ್ಟ್ ಹೋಗುತ್ತದೆ. ಒಪ್ಪಿಕೊಂಡವರಿಗೆ ಮೊದಲು ಕುಶಲ ಪ್ರಶ್ನೆ, ಹಿಂದೆಯೇ ‘ಆಸ್ಪತ್ರೆಯಲ್ಲಿದ್ದೇನೆ, ಅರ್ಜೆಂಟ್ ಹತ್ತು ಸಾವಿರ ಫೋನ್‌ಪೇ ಮಾಡಿ, ಬೆಳಿಗ್ಗೆ ವಾಪಸ್ ಹಾಕುತ್ತೇನೆ’ ಎಂಬ ಸಂದೇಶ. ಇನ್ನೊಂದು ವರಸೆಯೂ ಇದೆ: ಗೆಳೆಯ ಸಿಆರ್‌ಪಿಎಫ್‌ನಲ್ಲಿದ್ದಾನೆ, ವರ್ಗವಾಗಿದೆ, ಸೋಫಾ, ಫ್ರಿಜ್ ಅಗ್ಗಕ್ಕೆ ಕೊಡುತ್ತಾನೆ ಎಂದು ನಂಬಿಸಿ ಮುಂಗಡ ಹಾಕಿಸಿಕೊಳ್ಳುವುದು. ರಾಜ್ಯದ ಪೊಲೀಸ್ ಅಧಿಕಾರಿಗಳ ಸಮವಸ್ತ್ರದ ಫೋಟೊಗಳನ್ನೂ ವಂಚಕರು ಬಿಟ್ಟಿಲ್ಲ. ವಾಟ್ಸ್‌ಆ್ಯಪ್‌ನಲ್ಲಂತೂ ಡಿಪಿ ಒಂದೇ ಸಾಕು. ನಂಬರ್ ಹೊಸದೆಂಬುದು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ. ಯುವತಿಯ ಫೋಟೊ ತೋರಿಸಿ ವಿಡಿಯೊ ಕಾಲ್‌ಗೆ ಎಳೆದು, ಅದನ್ನು ರೆಕಾರ್ಡ್ ಮಾಡಿ ಬೆದರಿಸಿದಾಗ ಮರ್ಯಾದೆಗೆ ಅಂಜಿ ದೂರು ಕೊಡದವರೇ ಹೆಚ್ಚು.

ಕಾನೂನಿಗೆ ಕೊರತೆಯಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಇಂಥ ವಂಚನೆಗೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ನಕಲಿ ಖಾತೆಯ ಬಗ್ಗೆ ದೂರು ಬಂದರೆ ಜಾಲತಾಣ ಕಂಪನಿಗಳು ಕ್ರಮ ಕೈಗೊಳ್ಳಲು ಇದೇ ಕಾಯ್ದೆಯಡಿಯ 2021ರ ನಿಯಮಗಳು ಮೂಲದಲ್ಲೇ 24 ಗಂಟೆಗಳ ಗಡುವು ಹಾಕಿದ್ದವು. ತೊಡಕಿರುವುದು ಕಾಯ್ದೆಯ 78ನೇ ಕಲಂನಲ್ಲಿ. ಅದರಂತೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಈ ಅಪರಾಧಗಳ ತನಿಖೆ ಮಾಡುವಂತಿಲ್ಲ. ಆದರೆ ಈ ಮಿತಿ ತನಿಖೆಗೆ ಮಾತ್ರ, ದೂರು ಪಡೆಯುವುದಕ್ಕಲ್ಲ. ಅಪರಾಧ ಎಲ್ಲಿಯೇ ನಡೆದಿರಲಿ, ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ನೀಡಬಹುದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ.

ಸೈಬರ್ ಅಪರಾಧಗಳ ತನಿಖೆ ನಡೆಸುವ ಸಿಇಎನ್ ಠಾಣೆ ಇರುವ ರಾಯಚೂರು ತುರ್ವಿಹಾಳದಿಂದ ಸುಮಾರು ನೂರು ಕಿಲೋಮೀಟರ್. ಹಣ ಅಷ್ಟು ಹೊತ್ತು ಕಾಯುವುದಿಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರಿ ಎಟಿಎಂನಲ್ಲಿ ನಗದಾಗುತ್ತದೆ. 1930 ಸಹಾಯವಾಣಿಗೆ ತಕ್ಷಣ ಕರೆ ಹೋದರೆ ಮಾತ್ರ ಬ್ಯಾಂಕುಗಳು ಅದನ್ನು ನಡುವೆ ತಡೆಹಿಡಿಯಲು ಅವಕಾಶವಿದೆ.

ಆದ್ದರಿಂದ ತುರ್ವಿಹಾಳ ಠಾಣೆಯಲ್ಲಿ ತರಬೇತಿ ಪಡೆದ ಸಿಬ್ಬಂದಿಯೊಬ್ಬರನ್ನು ನೇಮಿಸಬೇಕು. ದೂರುದಾರರ ಎದುರಿನಲ್ಲೇ ಅವರು 1930ಕ್ಕೆ ಕರೆ ಮಾಡಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಫೋಟೊದ ಸ್ಕ್ರೀನ್‌ಶಾಟ್ ಒಂದೇ ಸಾಲದು. ವಂಚಕ ಹೆಸರು ಬದಲಿಸಿದರೂ ಖಾತೆಯನ್ನು ಗುರುತಿಸಲು ಅದರ ಲಿಂಕ್ ಬೇಕು. ಹಣದ ಜಾಡು ಹಿಡಿಯಲು ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ ಬೇಕು. ಬ್ಲಾಕ್ ಮಾಡುವ ಮೊದಲೇ ಇವನ್ನು ಉಳಿಸಿಕೊಳ್ಳಬೇಕೆಂಬ ಕನ್ನಡ ಫಲಕವನ್ನು ಠಾಣೆ, ಬ್ಯಾಂಕ್ ಶಾಖೆಗಳು ಹಾಗೂ ಪಟ್ಟಣ ಪಂಚಾಯಿತಿಯಲ್ಲಿ ಹಾಕಿಸಬೇಕು. ಬೆದರಿಕೆಗೆ ಒಳಗಾದವರ ಹೆಸರು ಹೊರಬೀಳದಂತೆ ಪ್ರತ್ಯೇಕ ಕೋಣೆಯಲ್ಲಿ ಹೇಳಿಕೆ ಪಡೆಯಬೇಕು. ಸಿಇಎನ್ ಅಧಿಕಾರಿಗಳು ತಿಂಗಳಿಗೊಮ್ಮೆ ನಮ್ಮ ತಾಲ್ಲೂಕು ಕೇಂದ್ರ ಸಿಂಧನೂರಿಗೆ ಬಂದು ಬಾಕಿ ಪ್ರಕರಣಗಳನ್ನು ಪರಿಶೀಲಿಸಬೇಕು.

ಈ ಬೇಡಿಕೆಗಳಲ್ಲಿ ಮೊದಲನೆಯದಕ್ಕೆ ಹೊಸ ಕಟ್ಟಡವಾಗಲಿ ಹೊಸ ಕಾನೂನಾಗಲಿ ಬೇಕಿಲ್ಲ. ಆ ಬಗ್ಗೆ ಕೂಡಲೇ ಲಿಖಿತ ಆದೇಶ ಹೊರಡಿಸಬೇಕೆಂದು ವಿನಂತಿ.

ತುರ್ವಿಹಾಳ ಪಟ್ಟಣ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರು